ದುಂಡು ಡಬ್ಬಿಯಲ್ಲಿ ಎರಡು ಸಿಪಾಯಿ ಹುಳ

ಅಥವಾ ಆ ಹುಳ ಕೊತ್ತಂಬರಿ ಹೂವಿನ ಮೇಲೆ ಕೂತಿರಲೇ ಇಲ್ಲವೇನೋ. ಅಮ್ಮ ಪಾತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎಡಗೈಯಿಂದ ಹೂಗೊಂಚಲನ್ನು ಬಗ್ಗಿಸಿ, ಬಲಗೈಯಲ್ಲಿ ಖಾಲಿ ಮಾತ್ರೆ ಶೀಶೆಯನ್ನು ಅದರ ಕೆಳಗೆ ಹಿಡಿದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಚಿತ್ರದಲ್ಲಿ ನಾನು ಅವಳನ್ನು ಮೇಲಿನಿಂದ ನೋಡುತ್ತಿದ್ದೇನೆ. ಅವಳ ಬೈತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ದೆಹಲಿಯ ಸರೋಜಿನಿ ನಗರದಲ್ಲಿ ನಮ್ಮದು ನೆಲಮಹಡಿಯ ಸರಕಾರಿ ಕ್ವಾರ್ಟರ್ಸು. ಮಹಡಿಯ ಮನೆಯವರ ಬಾಲ್ಕನಿಗೆ ನಾನು ಹೋದದ್ದೇ ಇಲ್ಲ. ಹಾಗಾದರೆ ಇದು ನಾನು ಕಂಡದ್ದಲ್ಲ. ಅಮ್ಮ ಮತ್ತೆ ಮತ್ತೆ ಹೇಳಿದ್ದನ್ನು ಕೇಳಿ ಕಟ್ಟಿಕೊಂಡದ್ದು. ಶೀಶೆಯನ್ನು ಕೆಳಗೆ ಹಿಡಿಯಬೇಕೆಂಬುದು ಮಾತ್ರ ಗಟ್ಟಿ. ಆ ಜಾತಿಯ ಹುಳ ಹೆದರಿದರೆ ಮೇಲಕ್ಕೆ ಹಾರುವುದಕ್ಕಿಂತ ಕೈಕಾಲು ಬಿಟ್ಟು ಕೆಳಗೆ ಬೀಳುವುದೇ ಹೆಚ್ಚು. ಅದನ್ನು ಆಮೇಲೆ ನಾನೇ ಬೇರೆ ಕಡೆ ನೋಡಿದ್ದೇನೆ.

ಆ ಹುಳ ಈಗ ಒಂದು ಸಂಸ್ಥೆಯ ಮರದ ಡ್ರಾಯರಿನಲ್ಲಿದೆ. ಅದರ ಸೂಜಿಯಲ್ಲಿ ಅಮ್ಮನ ಹೆಸರಿರುವ ಚೀಟಿ ಇದೆ. ಅದು ನಮ್ಮ ಹಿತ್ತಿಲಿನಲ್ಲಿ ಸಿಕ್ಕಿದ್ದು ಹೌದಾದರೆ ಆ ಹೆಸರಿಗೆ ಅಲ್ಲಿರುವ ಹಕ್ಕಿದೆ. ಅಲ್ಲವಾದರೆ ಅದನ್ನು ಅಲ್ಲಿಗೆ ಸೇರಿಸಿದವಳು ನಾನು, ಒಂದೇ ಶಬ್ದದ ಒಂದು ಸುಳ್ಳಿನಿಂದ. ಇದನ್ನು ಬರೆಯಲು ಕೂತದ್ದು ಅದಕ್ಕೆ.

ಅಮ್ಮ ಹದಿನೈದು ವರ್ಷ ಕೀಟಗಳ ಸಂಗ್ರಹವಿದ್ದ ಒಂದು ಕಚೇರಿಯಲ್ಲಿ ದಿನಗೂಲಿಯ ಮೇಲೆ ಕೆಲಸ ಮಾಡಿದಳು. ಹದಿನೈದೋ ಹದಿನೇಳೋ, ಅವಳ ಲೆಕ್ಕ ಒಂದು, ಅಪ್ಪನ ಲೆಕ್ಕ ಇನ್ನೊಂದು. ವಿಜ್ಞಾನಿಗಳು ಊರೂರು ತಿರುಗಿ ಹಿಡಿದು ತಂದ ಹುಳಗಳನ್ನು ಸೂಜಿಗೆ ಚುಚ್ಚುವುದು, ಸೂಜಿ ತಾಳದಷ್ಟು ಮೆತ್ತಗಿದ್ದರೆ ತ್ರಿಕೋನದ ಸಣ್ಣ ಕಾರ್ಡಿನ ತುದಿಗೆ ಅಂಟಿಸುವುದು, ಕಾಲುಗಳನ್ನು ಬಿಡಿಸಿ ಕೂರಿಸುವುದು, ಆಮೇಲೆ ಚೀಟಿ ಬರೆಯುವುದು. ಕಿರುಬೆರಳಿನ ಉಗುರಿನಷ್ಟು ಅಗಲದ ಚೀಟಿ. ಅದರಲ್ಲಿ ಮೂರು ಸಾಲು: ಸ್ಥಳ, ದಿನ, ಹಿಡಿದವರ ಹೆಸರು. ಅಮ್ಮನ ಅಕ್ಷರ ಎಷ್ಟು ಸಣ್ಣದು, ಎಷ್ಟು ನೇರವೆಂದರೆ ಅಚ್ಚು ಹಾಕಿಸಿದ್ದು ಎಂದು ಕೆಲವರು ತಿಳಿಯುತ್ತಿದ್ದರಂತೆ. ಸಾವಿರಾರು ಚೀಟಿ ಬರೆದಿದ್ದಳು. ಒಂದರಲ್ಲೂ ಅವಳ ಹೆಸರಿರಲಿಲ್ಲ. ಇರುವ ರೂಢಿಯೂ ಇಲ್ಲ. ಹಿಡಿದವರ ಹೆಸರು ಮೇಲಿನ ಚೀಟಿಯಲ್ಲಿ, ಗುರುತಿಸಿದವರ ಹೆಸರು ಕೆಳಗಿನ ಚೀಟಿಯಲ್ಲಿ. ಬರೆದವರ ಹೆಸರು ಎಲ್ಲೂ ಇಲ್ಲ. ಮುಂದೆ ಕಂಪ್ಯೂಟರಿನಲ್ಲಿ ಚೀಟಿ ಮಾಡುವುದು ಶುರುವಾಯಿತು. ಆರು ತಿಂಗಳಿಗೊಮ್ಮೆ ಮುಂದುವರಿಯುತ್ತಿದ್ದ ಅವಳ ಕೆಲಸ ಒಂದು ಸಲ ಮುಂದುವರಿಯಲಿಲ್ಲ. ಇದರ ಬಗ್ಗೆ ಅವಳು ಬೇಜಾರು ಮಾಡಿಕೊಂಡಳೆಂದು ಬರೆಯಬಹುದು, ಆದರೆ ನಾನು ಕಂಡದ್ದು ಅದಲ್ಲ. ಕಂಡದ್ದು ಇಷ್ಟು: ಮನೆಗೆ ಬಂದು ಕೈತೊಳೆದು, ಬ್ಯಾಗಿನಿಂದ ತನ್ನ ಸ್ವಂತದ ಚಿಮುಟ ತೆಗೆದು ಒರೆಸಿ, ಹೊಲಿಗೆ ಪೆಟ್ಟಿಗೆಯಲ್ಲಿಟ್ಟಳು.

ಆಮೇಲೆ ಮನೆಯಲ್ಲೇ ಒಂದು ಪೆಟ್ಟಿಗೆ ಶುರುವಾಯಿತು. ಸ್ವೀಟ್ ಅಂಗಡಿಯ ಮರದ ಪೆಟ್ಟಿಗೆ, ತಳದಲ್ಲಿ ಥರ್ಮೋಕೋಲು, ಮೂಲೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ನುಸಿಗುಳಿಗೆ. ಹಿತ್ತಿಲಲ್ಲಿ, ಸರ್ವಿಸ್ ಲೇನಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಪಾಳುಜಾಗದಲ್ಲಿ ಸಿಕ್ಕ ಹುಳಗಳು. ಈಗ ಚೀಟಿಯ ಮೂರನೆಯ ಸಾಲಿನಲ್ಲಿ ಅವಳದೇ ಹೆಸರು. ಆದರೆ ಸ್ವೀಟ್ ಪೆಟ್ಟಿಗೆಯೊಳಗಿನ ಹೆಸರನ್ನು ಓದುವವರು ಯಾರು?

ಅಲ್ಲಿ ಎರಡು ಸಿಪಾಯಿ ಹುಳಗಳಿದ್ದವು. ಇಂಗ್ಲಿಷಿನಲ್ಲಿ ಸೋಲ್ಜರ್ ಬೀಟಲ್ ಎನ್ನುತ್ತಾರೆ, ಮೈಬಣ್ಣ ಹಳೆಯ ಕಾಲದ ಸಿಪಾಯಿಗಳ ಸಮವಸ್ತ್ರದ ಹಾಗೆ ಕಾಣುತ್ತದೆಂದು. ಅಮ್ಮ ಸಿಪಾಯಿ ಎನ್ನುತ್ತಿದ್ದಳು. ಒಂದು ಅಂಗುಲದ ಅರ್ಧಕ್ಕೂ ಕಡಿಮೆ ಉದ್ದ, ಎರಡೂ ಬದಿ ಸಮನಾಗಿ ಓಡುವ ಉದ್ದನೆಯ ಮೈ, ದಾರದಂಥ ಮೀಸೆ, ತಲೆಯ ಹಿಂದೆ ಕೇಸರಿ ಬಣ್ಣದ ಚಪ್ಪಟೆ ತಟ್ಟೆ, ಕಪ್ಪು ರೆಕ್ಕೆ. ಅದನ್ನು ಗುರುತಿಸುವುದು ಹೇಗೆಂದು ಅವಳು ನನಗೆ ಅಡುಗೆಮನೆಯ ಕಟ್ಟೆಯ ಮೇಲೆ ಪಾಠ ಮಾಡಿದ್ದಳು. ನಾನಾಗ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದೆ, ಪಾಠ ಬೇಡವಾಗಿತ್ತು. ಮಾತುಗಳು ಇಷ್ಟೇ ಸಾಲಾಗಿ ಬಂದಿರಲಾರವು, ಆದರೂ ಬರೆಯುತ್ತೇನೆ.

"ಮೇಲಿಂದ ನೋಡು. ತಲೆ ಕಾಣುತ್ತಾ?"

"ಕಾಣುತ್ತೆ."

"ಹಾಗಿದ್ರೆ ಮಿಂಚುಹುಳು ಅಲ್ಲ. ಮಿಂಚುಹುಳು ತಲೇನ ತಟ್ಟೆ ಕೆಳಗೆ ಬಚ್ಚಿಟ್ಕೊಂಡಿರುತ್ತೆ. ನಿಮ್ಮಪ್ಪ ಪೇಪರ್ ಹಿಂದೆ ಇರೋ ಹಾಗೆ."

"ಕೇಳಿಸ್ತು," ಎಂದರು ಅಪ್ಪ, ಪೇಪರಿನ ಹಿಂದಿನಿಂದ.

"ಕೇಳಿಸ್ಲಿ ಅಂತಾನೇ ಹೇಳಿದ್ದು ರೀ. ಈಗ ರೆಕ್ಕೆ ಮುಟ್ಟು, ಚಿಮುಟದ ತುದೀಲಿ. ಮೆಲ್ಲಗೆ."

"ಮೆತ್ತಗಿದೆ. ಲೆದರ್ ಥರ."

"ಬೇರೆ ಜೀರುಂಡೆಗಳು ಡಬ್ಬಿಯೊಳಗೆ ಇರ್ತಾವೆ. ಇದು ಅಂಗಿ ಹಾಕ್ಕೊಂಡಿದೆ, ಅಷ್ಟೆ. ಅದಕ್ಕೇ ಒಣಗಿದ್ರೆ ಸುಕ್ಕಾಗುತ್ತೆ. ಈಗ ಹಿಂಗಾಲು. ಪಾದದಲ್ಲಿ ಎಷ್ಟು ಗೆಣ್ಣು?"

"ಐದು."

"ಎಣಿಸಿ ಹೇಳಿದ್ಯಾ, ಅಂದಾಜಲ್ಲಿ ಹೇಳಿದ್ಯಾ?"

"ಅಂದಾಜಲ್ಲಿ."

"ಭೂತಗನ್ನಡಿ ತಗೊಂಡು ಮತ್ತೆ ಎಣಿಸು. ನಾಲ್ಕಿದ್ರೆ ಇದು ಮುಟ್ಟಿದ ಕಡೆ ಬೊಬ್ಬೆ ಏಳಿಸೋ ಹುಳ. ಅದಕ್ಕೆ ತೆಳು ಕತ್ತು ಬೇರೆ ಇರುತ್ತೆ. ಐದಿದ್ರೆ ಸಿಪಾಯಿ. ನಾಲ್ಕನೇ ಗೆಣ್ಣು ಎರಡಾಗಿ ಸೀಳಿರುತ್ತೆ, ಅದನ್ನೂ ನೋಡು."

ಎಣಿಸಿದೆ. ಐದೇ ಇತ್ತು. ಅಂದಾಜು ಸರಿಯಾಗಿತ್ತು. ನನ್ನ ಸ್ವಭಾವ ಅವಳಿಗೆ ಗೊತ್ತಿತ್ತು ಎಂಬುದಕ್ಕೆ ಮಾತ್ರ ಈ ಸಂಗತಿಯನ್ನು ಬರೆದೆ.

ಸಿಪಾಯಿ ಎಂಬ ಹೆಸರು ಅದರ ಬದುಕಿಗೆ ಹೊಂದುವುದಿಲ್ಲ. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಹಿಡಿದರೆ ಹೊಟ್ಟೆಯ ಅಂಚಿನಿಂದ ಕೆಟ್ಟ ರುಚಿಯ ರಸ ಒಸರಿಸುತ್ತದೆ, ಅಷ್ಟೇ. ಕೊತ್ತಂಬರಿ, ಸೋಂಪು, ಕ್ಯಾರೆಟ್ಟು ಇಂಥವುಗಳ ಕೊಡೆಯಾಕಾರದ ಹೂಗೊಂಚಲಿನ ಮೇಲೆ ಪರಾಗ ತಿನ್ನುತ್ತ, ನಡುವೆ ಗಿಡಹೇನು ಸಿಕ್ಕರೆ ಅದನ್ನೂ ತಿನ್ನುತ್ತ, ಜೋಡಿಯಾಗಿ ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಬೇಟೆಯೆಲ್ಲ ಅದಕ್ಕೂ ಮುಂಚೆ ಮುಗಿದಿರುತ್ತದೆ. ಮರಿಹುಳು ಕಪ್ಪು ಮಖಮಲ್ಲಿನ ತುಂಡಿನ ಹಾಗಿದ್ದು, ತರಗೆಲೆಯ ಕೆಳಗೆ, ತೇವದ ಮಣ್ಣಿನಲ್ಲಿ ಸಣ್ಣ ಹುಳಗಳನ್ನೂ ಬಸವನಹುಳುವನ್ನೂ ಹಿಡಿದು ಹೀರಿಕೊಂಡು ಬೆಳೆಯುತ್ತದೆ. ಹೆಚ್ಚುಕಡಿಮೆ ವರ್ಷವೆಲ್ಲ ಅಲ್ಲಿ. ಬೆಳಕಿಗೆ ಬಂದ ಮೇಲೆ ಕೆಲವೇ ವಾರ. ಬೆಟ್ಟದ ಕಡೆ ಇವು ಹೇರಳ. ದೆಹಲಿಯಂಥ ಒಣ ಬಯಲಿನಲ್ಲಿ ಕಾಣುವುದು ಅಪರೂಪ. ಎಲ್ಲವೂ ನಿಂತಿರುವುದು ಈ ಕೊನೆಯ ಮಾತಿನ ಮೇಲೆ.

ಪೆಟ್ಟಿಗೆಯಲ್ಲಿದ್ದ ಎರಡರಲ್ಲಿ ಒಂದಕ್ಕೆ ಹೀಗೆ ಚೀಟಿ ಇತ್ತು: ಸರೋಜಿನಿ ನಗರ, ಕ್ವಾರ್ಟರ್ಸಿನ ಹಿತ್ತಿಲು, ಕೊತ್ತಂಬರಿ ಹೂ, ಮಾರ್ಚ್ ತಿಂಗಳ ಒಂದು ದಿನ, ಅಮ್ಮನ ಹೆಸರು. ಇನ್ನೊಂದು ಬೆಟ್ಟದ್ದು. ಸರಕಾರಿ ನೌಕರರಿಗೆ ರಜೆಯಲ್ಲಿ ಊರಿಗೋ ದೇಶದ ಬೇರೆ ಕಡೆಗೋ ಹೋಗಿಬರಲು ಕೊಡುವ ಎಲ್‌ಟಿಸಿಯನ್ನು ನಮ್ಮಂಥವರು ಕರ್ನಾಟಕ ಎಕ್ಸ್‌ಪ್ರೆಸ್ಸಿಗೇ ಮುಡಿಪಾಗಿಟ್ಟಿದ್ದರು. ಒಂದೇ ಒಂದು ಸಲ ಅಮ್ಮ ಹಟ ಹಿಡಿದು ಅಪ್ಪನನ್ನು ಶಿಮ್ಲಾದ ಆಚೆಗೆ ಹೊರಡಿಸಿದಳು. ಅಲ್ಲಿ ಮೂರು ದಿನವೂ ರಸ್ತೆಬದಿಯ ಬಿಳಿ ಹೂವಿನ ಕಳೆಗಳ ನಡುವೆಯೇ ಇದ್ದಳು.

"ಜನ ಇಲ್ಲಿಗೆ ಹಿಮ ನೋಡಕ್ಕೆ ಬರ್ತಾರೆ," ಎಂದರು ಅಪ್ಪ.

"ನೋಡಿ. ಬೇಡ ಅಂದೋರು ಯಾರು?"

"ಆಫೀಸಲ್ಲಿ ಕೇಳಿದ್ರೆ ಏನು ಹೇಳ್ಲಿ? ಇಡೀ ಎಲ್‌ಟಿಸಿ ಹುಳಕ್ಕೆ ಹೋಯ್ತು ಅನ್ಲಾ?"

"ಹೇಳಿ. ಅವರ ಎಲ್‌ಟಿಸಿ ಅತ್ತೆಮನೆಗೆ ಹೋಗಿರುತ್ತೆ, ಅದಕ್ಕಿಂತ ವಾಸಿ."

ಅಲ್ಲಿ ಹಿಡಿದವುಗಳನ್ನೆಲ್ಲ ಹಾಲಿಡೇ ಹೋಮಿನ ಇರುವೆಗಳು ತಿಂದುಹಾಕಿದವು. ಉಳಿದದ್ದು ಒಂದು. ಅದನ್ನು ಅವಳು ದೆಹಲಿಯದರ ಪಕ್ಕದಲ್ಲಿ ಚುಚ್ಚಿಟ್ಟಳು. ಎರಡೂ ಕಪ್ಪು ರೆಕ್ಕೆ, ಎರಡೂ ಕೇಸರಿ ತಟ್ಟೆ. ಒಂದರ ತಟ್ಟೆಯ ನಡುವೆ ಒಂದು ಮಸಿ ಚುಕ್ಕೆ ಇತ್ತು. ಯಾವುದರಲ್ಲಿ ಎಂದು ಆಗ ಯಾರಾದರೂ ಕೇಳಿದ್ದರೆ ಹೋಗಿ ನೋಡಿ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ನೋಡಲಿಲ್ಲ. ಅಮ್ಮನ ನೋಟ್‌ಬುಕ್ಕಿನಲ್ಲಿ ಎರಡು ಹುಳಕ್ಕೂ ಒಂದೇ ವಾಕ್ಯವಿದೆ: ತಟ್ಟೆ ಕೇಸರಿ, ರೆಕ್ಕೆ ಕಪ್ಪು. ಚುಕ್ಕೆಯ ಮಾತಿಲ್ಲ. ಹಸಿಯಾಗಿದ್ದಾಗ ಅದು ಅಷ್ಟು ಎದ್ದು ಕಾಣುತ್ತಿರಲಿಲ್ಲವೋ, ಇಂಥ ವಿಷಯದಲ್ಲಿ ಎಂದೂ ತಪ್ಪದವಳು ಅಂದು ತಪ್ಪಿದಳೋ.

ಅಪ್ಪ ನಿವೃತ್ತರಾದ ವರ್ಷವೇ ಕಾಲನಿ ಕೆಡವುವ ನೋಟಿಸು ಬಂತು. ನಾವು ಹೇಗೂ ಬಿಡಬೇಕಿತ್ತು. ಜನಕಪುರಿಯಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆಗೆ ಬಂದೆವು. ಸರೋಜಿನಿ ನಗರದ ನಮ್ಮ ಸಾಲಿನ ಮನೆಗಳು, ಬೇವಿನ ಮರಗಳು, ಹಿತ್ತಿಲುಗಳು ಎಲ್ಲ ನೀಲಿ ತಗಡಿನ ಬೇಲಿಯ ಹಿಂದೆ ಹೋದವು. ಕೊತ್ತಂಬರಿ ಪಾತಿ ಇದ್ದ ಜಾಗದಲ್ಲಿ ಈಗ ನೆಲಮಾಳಿಗೆಯ ಪಾರ್ಕಿಂಗ್ ಇರಬೇಕು. ತಗಡಿನ ಸಂದಿಯಲ್ಲಿ ಆಳವಾದ ಗುಂಡಿಯನ್ನು ಒಮ್ಮೆ ನೋಡಿದೆ. ಗುಂಡಿಯಲ್ಲಿ ಯಾವುದು ನಮ್ಮ ಮನೆಯ ಭಾಗವೆಂದು ತಿಳಿಯಲಿಲ್ಲ.

ಅಮ್ಮನ ಕೈನಡುಕ ಶುರುವಾದದ್ದೂ ಆ ಸುಮಾರಿಗೇ. ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಇಡೀ ಕೈ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದಳು. ಚಿಮುಟ ಹಿಡಿಯುವುದು ಸಾಧ್ಯವಾಗಲಿಲ್ಲ.

ಈಗ ಆ ದಿನ. ಅದಕ್ಕೊಂದು ಚೀಟಿ ಬರೆಯಬೇಕೆಂದರೆ: ಜನಕಪುರಿ, ಅಡುಗೆಮನೆ, ಮಳೆಗಾಲದ ಒಂದು ಭಾನುವಾರ, ತಾರೀಖು ಗೊತ್ತಿಲ್ಲ, ಹಿಡಿದವಳು ನಾನು.

ಮಳೆಯ ತೇವಕ್ಕೆ ಪೆಟ್ಟಿಗೆಯೊಳಗಿನ ಅಂಟು ಸಡಿಲಾಗಿತ್ತು. ಎರಡು ಸಿಪಾಯಿ ಹುಳಗಳೂ ಕಾರ್ಡಿನ ಮೇಲೆ ವಾಲಿದ್ದವು, ಕಾಲುಗಳು ಮಡಿಚಿಕೊಂಡಿದ್ದವು. ಅವನ್ನು ಮತ್ತೆ ಕೂರಿಸಬೇಕೆಂದರೆ ಮೊದಲು ಮೆತ್ತಗೆ ಮಾಡಬೇಕು. ಒಂದು ಡಬ್ಬಿಯಲ್ಲಿ ಒದ್ದೆ ಮರಳು, ಬೂಷ್ಟು ಬಾರದ ಹಾಗೆ ಒಂದು ಹನಿ ಫಿನಾಯಿಲ್, ಮೇಲೆ ಕಾಗದ, ಕಾಗದದ ಮೇಲೆ ಹುಳ, ಮುಚ್ಚಳ ಹಾಕಿ ಒಂದು ದಿನ. ಚೀಟಿ ಒದ್ದೆಯಾಗಬಾರದು, ಅದನ್ನು ತೆಗೆದು ಹೊರಗಿಡಬೇಕು. ನಿಯಮ ಒಂದೇ: ಒಂದು ಹುಳ ಮುಗಿದು ಅದರ ಚೀಟಿ ಅದರ ಸೂಜಿಗೆ ವಾಪಸು ಹೋಗುವ ತನಕ ಇನ್ನೊಂದು ಹುಳದ ಚೀಟಿಗೆ ಕೈ ಹಾಕಬಾರದು.

"ಒಂದೊಂದೇ," ಎಂದಳು ಅಮ್ಮ, ಸೋಫಾದ ಮೇಲಿಂದ.

"ಗೊತ್ತು ಅಮ್ಮ."

"ಗೊತ್ತು ಅನ್ನೋರೇ ಎರಡು ತೆಗೆಯೋದು. ಚೀಟಿ ತಪ್ಪಿದ ಹುಳ ಕಸ ಕಣೇ. ಕಸಕ್ಕಿಂತ ಕಡೆ. ಕಸ ಸುಳ್ಳು ಹೇಳಲ್ಲ."

"ಅಚ್ಛಾ, ಅಚ್ಛಾ. ಒಂದೊಂದೇ."

ಎರಡನ್ನೂ ತೆಗೆದೆ. ಆಗ ಓಖ್ಲಾದಿಂದ ಫೋನು ಬಂತು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡಿದ್ದೆ. ಓಖ್ಲಾದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ, ರಫ್ತಾಗುವ ಅಂಗಿಗಳ ಕಾಲರಿನ ಹಿಂದೆ ಹೊಲಿಯುವ ಲೇಬಲ್ಲುಗಳು ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ಅಮ್ಮನ ಕೆಲಸಕ್ಕೂ ಇದಕ್ಕೂ ಇರುವ ಹೋಲಿಕೆ ನನಗೆ ಇಷ್ಟವಿಲ್ಲ, ಆದರೆ ಇರುವುದೇ ಹಾಗೆ. ಒಂದು ಲಾಟಿನಲ್ಲಿ ಲೇಬಲ್ಲು ಅದಲುಬದಲಾಗಿದೆಯೆಂದು ಫೋನು ಬಂತು, ಗಾಬರಿಯಲ್ಲಿ ನಾನೂ ಅದನ್ನೇ ಮಾಡಿದೆ ಎಂಬುದು ನನ್ನ ಕಥೆ. ಅಷ್ಟು ಚೆನ್ನಾಗಿ ಜೋಡಿಸಿಕೊಂಡದ್ದನ್ನು ನಂಬಬಾರದು. ಭಾನುವಾರ ಕಾರ್ಖಾನೆಗೆ ರಜೆ. ಫೋನು ಬಂದಿರಲಾರದು. ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯಲಿ ಎಂದು ಎರಡನ್ನೂ ಒಟ್ಟಿಗೆ ಹಾಕಿದೆ. ಕಾರಣ ಇಷ್ಟೇ ಇರಬೇಕು.

ದೆಹಲಿಯದು ಎಡಕ್ಕೆ, ಬೆಟ್ಟದ್ದು ಬಲಕ್ಕೆ. ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡೆ. ಚೀಟಿಗಳನ್ನೂ ಥರ್ಮೋಕೋಲಿನ ಮೇಲೆ ಅದೇ ಕ್ರಮದಲ್ಲಿ ಚುಚ್ಚಿದೆ.

ಡಬ್ಬಿ ಹಳೆಯ ಸಾರಿನ ಪುಡಿಯ ಸ್ಟೀಲ್ ಡಬ್ಬಿ. ದುಂಡಗಿನದು.

ಮರುದಿನ ಆಫೀಸಿನಿಂದ ಬಂದು ನೋಡಿದರೆ ಡಬ್ಬಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಇರಲಿಲ್ಲ. ಫ್ರಿಜ್ಜಿನ ಮೇಲಿತ್ತು.

"ಅಪ್ಪ, ಇದನ್ನ ಯಾರು ತೆಗೆದ್ರು?"

"ಕುಕ್ಕರ್ ಇಡಕ್ಕೆ ಜಾಗ ಇರ್ಲಿಲ್ಲ. ಸಾರಿನ ಪುಡಿ ಅಂತ ಮುಚ್ಚಳ ಬೇರೆ ತೆಗೆದೆ. ಪುಣ್ಯ, ಇಲ್ದಿದ್ರೆ ಇವತ್ತು ಹುಳದ ಸಾರು."

"ತಿರುಗಿಸಿದ್ರಾ?"

"ಡಬ್ಬೀನಾ? ಡಬ್ಬಿಗೆ ಹಿಂದುಮುಂದು ಏನಿರುತ್ತೆ?"

ಮುಚ್ಚಳ ತೆಗೆದೆ. ಎರಡು ಹುಳ, ಅಕ್ಕಪಕ್ಕ. ಯಾವ ಕಡೆಯಿಂದ ನೋಡುತ್ತೇನೋ ಅದಕ್ಕೆ ತಕ್ಕಂತೆ ಎಡ, ಬಲ. ಡಬ್ಬಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದೆ, ಗುರುತಿಗೆ ಏನಾದರೂ ನೆಗ್ಗೋ ಗೀರೋ ಇದೆಯೇ ಎಂದು. ಅದರಿಂದ ಇನ್ನಷ್ಟು ಕೆಟ್ಟಿತು. ಅಮ್ಮ ಹೊರಗಿನಿಂದ ಕೇಳಿದಳು, "ಆಯ್ತೇನೇ?" ನಾನು ಚುಕ್ಕೆ ಇದ್ದದ್ದನ್ನು ತೆಗೆದು ದೆಹಲಿಯ ಚೀಟಿಯ ಸೂಜಿಯ ಕಾರ್ಡಿಗೆ ಅಂಟಿಸಿದೆ. ಯಾಕೆ ಅದನ್ನೇ? ನೆನಪಿನಿಂದಲೇ? ಅಂದಾಜಿನಿಂದಲೇ? ಚಿಮುಟಕ್ಕೆ ಅದು ಹತ್ತಿರವಿತ್ತು ಎಂಬುದು ನನಗೆ ತೋಚುವ ಅತ್ಯಂತ ಪ್ರಾಮಾಣಿಕ ಉತ್ತರ.

ಸಂಜೆ ಅಮ್ಮ ಪೆಟ್ಟಿಗೆ ತರಿಸಿಕೊಂಡಳು. ಭೂತಗನ್ನಡಿ ಹಿಡಿದ ಕೈ ನಡುಗುತ್ತಿತ್ತು. ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದು ನೋಡಿದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಮತ್ತೆ ಮೊದಲನೆಯದನ್ನು ನೋಡಿದಳು.

"ಒಂದೊಂದೇ ಮಾಡಿದ್ಯಾ?"

"ಹೂಂ."

"ಕಾಲು ಚೆನ್ನಾಗಿ ಕೂರಿಸಿದ್ದೀಯ," ಎಂದಳು.

ಅವಳು ನನ್ನ ಕೆಲಸವನ್ನು ಮೆಚ್ಚಿದ್ದು ಅದೊಂದೇ ಸಲ ಎಂದು ಬರೆದರೆ ಪರಿಣಾಮ ಚೆನ್ನಾಗಿರುತ್ತದೆ. ನಿಜವಲ್ಲ. ಅವಳು ನನ್ನ ಚಪಾತಿಯನ್ನೂ ಮೆಚ್ಚುತ್ತಿದ್ದಳು.

ಅಲ್ಲಿಗೆ ಮುಗಿಯಬೇಕಿತ್ತು. ಸ್ವೀಟ್ ಪೆಟ್ಟಿಗೆಯೊಳಗೆ ಎರಡು ಹುಳ ಅದಲುಬದಲಾದರೆ ಯಾರಿಗೇನು? ಆದರೆ ದೀಪಾವಳಿ ಕಳೆದ ಮೇಲೆ, ಹೊಗೆಮಂಜು ಕಿಟಕಿಗೆ ಕೂತ ದಿನಗಳಲ್ಲಿ, ಒಬ್ಬರು ಮನೆಗೆ ಬಂದರು. ಹಾಸನದ ಕಡೆಯವರು, ದೆಹಲಿಯಲ್ಲಿ ಜೀರುಂಡೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹೆಂಗಸು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಅಮ್ಮ ಕೆಲಸ ಮಾಡಿದ ಸಂಗ್ರಹದಲ್ಲಿ ಹಳೆಯ ಡ್ರಾಯರುಗಳನ್ನು ನೋಡುವಾಗ ಒಂದೇ ಕೈಬರಹ ನೂರಾರು ಚೀಟಿಗಳಲ್ಲಿ ಕಂಡಿತಂತೆ. ಯಾರದೆಂದು ವಿಚಾರಿಸಿದಾಗ ಅಲ್ಲಿನ ಒಬ್ಬ ಹಳೆಯ ಅಟೆಂಡರು, ಅದು ಮದ್ರಾಸಿ ಮೇಡಮ್ಮಿನ ಅಕ್ಷರ ಎಂದು ಹೇಳಿ ನಂಬರು ಕೊಟ್ಟನಂತೆ.

"ಅಕ್ಷರ ನೋಡಿ ಹುಡುಕ್ಕೊಂಡು ಬಂದೆ ಆಂಟಿ," ಎಂದರು. "ಬಂದ ಮೇಲೆ ಕನ್ನಡದವರು ಅಂತ ಗೊತ್ತಾಯ್ತು."

"ಇಪ್ಪತ್ತು ವರ್ಷ ಮದ್ರಾಸಿ ಅಲ್ಲ ಅಲ್ಲ ಅಂತ ಹೇಳಿ ಸಾಕಾಯ್ತಮ್ಮ. ಕೂತ್ಕೋ. ಅವಲಕ್ಕಿ ತಿಂತೀಯಾ?"

ಪೆಟ್ಟಿಗೆ ಹೊರಗೆ ಬಂತು. ಆಕೆ ಒಂದೊಂದೇ ಸಾಲು ನೋಡುತ್ತ ಬಂದು ಸಿಪಾಯಿಗಳ ಹತ್ತಿರ ನಿಂತರು. ಜೇಬಿನ ಭೂತಗನ್ನಡಿ ತೆಗೆದರು. ಅವಲಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಆಂಟಿ, ಈ ಚುಕ್ಕೆ ಇರೋದು ಸರೋಜಿನಿ ನಗರದ್ದಾ?"

"ಚೀಟೀಲಿ ಏನಿದೆ?"

"ಸರೋಜಿನಿ ನಗರ ಅಂತಿದೆ. ಆದ್ರೆ ಇಂಥದ್ದು ನಾನು ನೋಡಿರೋದೆಲ್ಲ ಬೆಟ್ಟದ ಕಡೇದೇ. ಹೊಟ್ಟೆ ಬಿಚ್ಚಿ ನೋಡ್ದೆ ಜಾತಿ ಖಾತ್ರಿ ಹೇಳಕ್ಕಾಗಲ್ಲ. ಆದ್ರೆ ಇದು ನಿಜವಾಗ್ಲೂ ಇಲ್ಲೇ ಸಿಕ್ಕಿದ್ರೆ…" ಆಕೆ ಮಾತು ನಿಲ್ಲಿಸಿದರು. "ದೊಡ್ಡ ವಿಷಯ ಏನಲ್ಲ. ಚಿಕ್ಕ ವಿಷಯ. ಆದ್ರೆ ಇದನ್ನ ಸಂಗ್ರಹಕ್ಕೆ ತಗೋಬೇಕು. ನಿಮ್ಮ ಹೆಸರಲ್ಲಿ."

ಅಮ್ಮನ ಕೈನಡುಕ ಸಂತೋಷಕ್ಕೂ ಹೆಚ್ಚಾಗುತ್ತದೆಂದು ನನಗೆ ಗೊತ್ತಾದದ್ದು ಆಗ. ಅವಳು ಎರಡೂ ಕೈಗಳನ್ನು ಸೆರಗಿನ ಕೆಳಗೆ ಇಟ್ಟುಕೊಂಡಳು.

"ಮೇಲಿನ ಚೀಟೀಲಾ?" ಎಂದಳು.

"ಮೇಲಿನ ಚೀಟೀಲೇ. ಹಿಡಿದವರು ನೀವಲ್ವಾ?"

"ಅದೇ ಡ್ರಾಯರ್‌ನಲ್ಲಾ?"

"ಅದೇ ಡ್ರಾಯರ್‌ನಲ್ಲಿ ಆಂಟಿ. ನೀವು ಬರೆದ ಚೀಟಿಗಳ ಪಕ್ಕದಲ್ಲೇ." ಆಮೇಲೆ ಆಕೆ ಕೇಳಬೇಕಾದದ್ದನ್ನು ಕೇಳಿದರು, ನಾನಾದರೂ ಕೇಳುತ್ತಿದ್ದೆ. "ಕಾರ್ಡು ಹೊಸದಾಗಿದೆ. ಯಾರು ಮತ್ತೆ ಅಂಟಿಸಿದ್ದು?"

"ನನ್ನ ಮಗಳು. ನಾನೇ ಹೇಳಿಕೊಟ್ಟಿದ್ದು."

"ಒಂದೊಂದಾಗೇ ಮಾಡಿದ್ರಿ ತಾನೇ?" ಎಂದು ಆಕೆ ನನ್ನ ಕಡೆ ತಿರುಗಿದರು.

ಅಮ್ಮ ನನ್ನನ್ನು ನೋಡುತ್ತಿದ್ದಳು. ಅಪ್ಪ ಪೇಪರ್ ಕೆಳಗಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಮನಸ್ಸಿನೊಳಗೆ ಹೋರಾಟ ನಡೆಯಿತೆಂದು ಬರೆಯುವುದು ವಾಡಿಕೆ. ಏನೂ ನಡೆಯಲಿಲ್ಲ. "ಹೌದು" ಎಂದೆ, ಚಹಾ ಬೇಕೇ ಎಂದು ಕೇಳಿದಾಗ ಹೇಳುವ ಹಾಗೆ.

ಆಕೆ ಹುಳವನ್ನು ತೆಗೆದುಕೊಂಡು ಹೋದರು. ಅಂದಿನಿಂದ ಅಮ್ಮ ಆ ಹುಳ ಹಿಡಿದ ಕಥೆಯನ್ನು ಹೇಳತೊಡಗಿದಳು. ಮೇಲಿನ ಮನೆಯ ಸಿಖ್ ಹೆಂಗಸಿಗೆ, ಫಿಸಿಯೋಥೆರಪಿಯವಳಿಗೆ, ಊರಿನಿಂದ ಫೋನು ಮಾಡಿದ ಚಿಕ್ಕಮ್ಮನಿಗೆ. ಮೊದಮೊದಲು ಕಥೆಯಲ್ಲಿ ಕೊತ್ತಂಬರಿ ಹೂ, ಮಾತ್ರೆ ಶೀಶೆ ಇಷ್ಟೇ ಇದ್ದವು. ಒಂದೆರಡು ವಾರದಲ್ಲಿ ಚುಕ್ಕೆಯೂ ಬಂತು. "ತಟ್ಟೆ ಮಧ್ಯ ಒಂದು ಚುಕ್ಕೆ, ಕಾಡಿಗೆ ಇಟ್ಟ ಹಾಗೆ. ಅದನ್ನ ನೋಡೇ ಹಿಡಿದೆ" ಎನ್ನುತ್ತಿದ್ದಳು. ಅದು ಅವಳಿಗೆ ನೆನಪಾದದ್ದೇ, ಬಂದವರು ಹೇಳಿದ್ದು ನೆನಪಿನೊಳಗೆ ಸೇರಿಕೊಂಡದ್ದೇ? ನಾನು ಮೇಲಿನಿಂದ ಕಂಡ ಬೈತಲೆಯ ಹಾಗೆ ಅದೂ ಆಮೇಲೆ ಕೂಡಿಕೊಂಡದ್ದಿರಬಹುದು. ಇಲ್ಲದಿದ್ದರೆ ಅದೊಂದೇ ನಿಜವಿರಬಹುದು. ಪ್ರತಿ ಸಲ ಅವಳು ಚುಕ್ಕೆ ಎಂದಾಗ ನಾನು ಅಡುಗೆಮನೆಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಫೋನಿಗೆ ಫೋಟೋ ಬಂತು. ಡ್ರಾಯರು, ಸೂಜಿ, ಹುಳ, ಚೀಟಿ. ಹಿಗ್ಗಿಸಿ ನೋಡಲು ಅಮ್ಮ ಬೆರಳಿಟ್ಟರೆ ಫೋಟೋ ಆ ಕಡೆಗೂ ಈ ಕಡೆಗೂ ಹಾರುತ್ತಿತ್ತು. ಕೊನೆಗೆ ಅಪ್ಪ ಫೋನನ್ನು ಹಿಡಿದು, ಕಚೇರಿಯ ಕಡತ ಓದುವ ಧ್ವನಿಯಲ್ಲಿ ಮೂರೂ ಸಾಲು ಓದಿದರು. ಮೂರನೆಯ ಸಾಲನ್ನು ಎರಡು ಸಲ ಓದಿದರು.

"ಚಲೋ," ಎಂದಳು ಅಮ್ಮ. "ಒಂದಕ್ಕಾದ್ರೂ ಆಯ್ತು."

ಆ ಚಳಿಗಾಲವೇ ಅವಳಿಗೆ ಕೊನೆಯದಾಯಿತು. ಕಾಯಿಲೆ ಕೈಯಿಂದ ನುಂಗುವ ಶಕ್ತಿಗೆ ಇಳಿದಿತ್ತು, ಎದೆಯಲ್ಲಿ ಕಫ ಕಟ್ಟಿತು, ಹೊರಗಿನ ಹೊಗೆ ಒಳಗೂ ಇತ್ತು. ಆಸ್ಪತ್ರೆಯ ಹದಿಮೂರು ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅವಳಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವಳು ನಿದ್ದೆಯಲ್ಲಿದ್ದಾಗ ಒಮ್ಮೆ ಹೇಳಿದೆ ಎಂದು ಅನಿಸುತ್ತದೆ, ಆದರೆ ಅದನ್ನು ನಾನು ನನ್ನ ಪರವಾಗಿ ಸೇರಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಆಮೇಲಿನ ಎರಡು ವಸಂತಗಳಲ್ಲಿ ನಾನು ಕೊತ್ತಂಬರಿ ಹೂ ಹುಡುಕಿಕೊಂಡು ಅಲೆದಿದ್ದೇನೆ. ಚುಕ್ಕೆಯ ಸಿಪಾಯಿ ಹುಳ ಒಂದೇ ಒಂದು ದೆಹಲಿಯಲ್ಲಿ ಸಿಕ್ಕಿದರೂ ಅಮ್ಮನ ಚೀಟಿ ನಿಜವಿರಬಹುದೆನ್ನಲು ಆಧಾರವಾಗುತ್ತಿತ್ತು. ಜನಕಪುರಿಯ ಪಾರ್ಕುಗಳು, ಯಮುನೆಯ ದಡದ ತರಕಾರಿ ಹೊಲಗಳು, ಓಖ್ಲಾದಲ್ಲಿ ಕಾರ್ಖಾನೆಯ ಹಿಂದೆ ಯಾರೋ ಬೆಳೆಸಿದ ಸೋಂಪಿನ ಗಿಡಗಳು. ಸರೋಜಿನಿ ನಗರದ ನೀಲಿ ತಗಡಿನ ಬುಡದಲ್ಲಿ ಬಗ್ಗಿ ನೋಡುತ್ತಿದ್ದಾಗ ಕಾವಲಿನವನು ಏನು ಕಳೆದಿದೆ ಎಂದು ಕೇಳಿದ.

"ಕೀಡಾ, ಭಯ್ಯಾ," ಎಂದೆ. ಹುಳ.

"ಘರ್ ಮೇ ನಹೀಂ ಮಿಲಾ?" ಎಂದ. ಮನೆಯಲ್ಲಿ ಸಿಗಲಿಲ್ಲವೇ ಎಂದು. ತಮಾಷೆಗೆ ಹೇಳಿದನೋ ಗಂಭೀರವಾಗಿ ಹೇಳಿದನೋ ತಿಳಿಯಲಿಲ್ಲ.

ಒಮ್ಮೆ ಮಾತ್ರ, ನದಿಯ ದಡದಲ್ಲಿ, ಉದ್ದ ಮೈಯ, ಕಪ್ಪು ಕೇಸರಿ ಬಣ್ಣದ ಒಂದು ಹುಳ ಹೂವಿನಿಂದ ಶೀಶೆಗೆ ಬಿತ್ತು. ಅಲ್ಲೇ ಬದುವಿನ ಮೇಲೆ ಕೂತು ಭೂತಗನ್ನಡಿಯಲ್ಲಿ ಹಿಂಗಾಲಿನ ಗೆಣ್ಣು ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ಕತ್ತೂ ತೆಳ್ಳಗಿತ್ತು. ಬಿಟ್ಟುಬಿಟ್ಟೆ. ಸಿಗದಿರುವುದರಿಂದ ಏನೂ ತೀರ್ಮಾನವಾಗುವುದಿಲ್ಲ. ನಾನು ಸರಿಯಾದ ವಾರದಲ್ಲಿ, ಸರಿಯಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ ಇರಬಹುದು.

ಕಳೆದ ತಿಂಗಳು ಸಂಶೋಧನೆ ಮಾಡುವ ಆಕೆಗೆ ಎಲ್ಲವನ್ನೂ ಬರೆದು ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಬಂದದ್ದರಲ್ಲಿ ಬೈಗುಳ ಇರಲಿಲ್ಲ. ಹೊಟ್ಟೆ ಬಿಚ್ಚಿ ನೋಡಿಯಾಗಿದೆ, ಜಾತಿ ತಾನು ಅಂದುಕೊಂಡದ್ದೇ ಎಂದು ಬರೆದಿದ್ದರು. ಹೊಟ್ಟೆ ಬಿಚ್ಚಿದರೆ ಜಾತಿ ತಿಳಿಯುತ್ತದೆ, ಊರು ತಿಳಿಯುವುದಿಲ್ಲ. ಬೆಟ್ಟದ ಚೀಟಿಯ ಹುಳವನ್ನೂ ಕಳಿಸಿಕೊಡಿ, ಎರಡೂ ಒಂದೇ ಕಡೆ ಇರಲಿ ಎಂದಿದ್ದರು. ಸಂಗ್ರಹದ ರೂಢಿಯಂತೆ ಹಳೆಯ ಚೀಟಿಯನ್ನು ತೆಗೆಯುವ ಹಾಗಿಲ್ಲ, ತಿದ್ದುವ ಹಾಗೂ ಇಲ್ಲ; ಅಮ್ಮನ ಹೆಸರು ಇದ್ದಲ್ಲೇ ಇರುತ್ತದೆ. ಅದರ ಕೆಳಗೆ ಇನ್ನೊಂದು ಚೀಟಿ ಸೇರಿಸಬಹುದು: ಸ್ಥಳ ಸಂದೇಹ ಎಂದು, ಸಂದೇಹಪಟ್ಟವರ ಹೆಸರಿನೊಂದಿಗೆ. ಏನು ಬರೆಯಬೇಕೆಂದು ನೀವೇ ಒಂದು ಸಾಲಿನಲ್ಲಿ ಹೇಳಿ, ಎಂದು ಕೊನೆಯಲ್ಲಿತ್ತು.

ಆ ಒಂದು ಸಾಲು ಇಷ್ಟುದ್ದವಾಗಿದೆ. ಇದು ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಹಿಡಿಸುವುದಿಲ್ಲ. ಅಪ್ಪನಿಗೆ ತೋರಿಸಿದೆ. ಅವರು ಪೂರ್ತಿ ಓದಿ, ಡಬ್ಬಿಯನ್ನು ತೆಗೆದಿಟ್ಟದ್ದು ತಾವು ಎಂಬಲ್ಲಿ ಬೆರಳಿಟ್ಟರು.

"ನಾನು ಸ್ವಲ್ಪ ತಿರುಗಿಸಿದ್ದೆನೋ ಏನೋ," ಎಂದರು. "ಇಲ್ಲ, ಹಾಗೇ ಎತ್ತಿಟ್ಟೆನೋ. ನೆನಪಿಲ್ಲಮ್ಮ."

ಇವತ್ತು ಉತ್ತರ ಕಳಿಸಿದೆ. ಬರೆದದ್ದು ಇಷ್ಟು: ಎರಡು ಹುಳಗಳನ್ನು ಒಟ್ಟಿಗೆ ತೆಗೆದೆ, ಸ್ಥಳ ಖಾತ್ರಿಯಿಲ್ಲ. ಕೆಳಗೆ ನನ್ನ ಹೆಸರು.

ಚುಕ್ಕೆಯ ಹುಳ ಬೆಟ್ಟದ್ದೋ ನಮ್ಮ ಹಿತ್ತಿಲಿನದ್ದೋ ನನಗೆ ಗೊತ್ತಿಲ್ಲ. ಆ ಸಂಜೆ ಭೂತಗನ್ನಡಿ ಹಿಡಿದು ಮೊದಲನೆಯದನ್ನು ಎರಡನೆಯ ಸಲ ನೋಡಿದಾಗ ಅಮ್ಮನಿಗೆ ತಿಳಿಯಿತೋ ಇಲ್ಲವೋ, ಅದೂ ಗೊತ್ತಿಲ್ಲ.